ಕೂಪು ರಸ್ತೆ ಶಿಖರಕ್ಕೆ ಹೋಗುವುದಿಲ್ಲ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಂಥ ಬೆಂಗಳೂರಿನ ಕೈಗಾರಿಕಾ ಪ್ರದೇಶಗಳಿಂದ ಶುಕ್ರವಾರ ರಾತ್ರಿ ಟೆಂಪೊ ಟ್ರಾವೆಲರ್ ಹತ್ತಿ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಯ ಕಡೆ ಹೊರಡುವವರಲ್ಲಿ ಒಂದು ನಂಬಿಕೆ ಬೇರುಬಿಟ್ಟಿದೆ: ಕಾಡಿನಲ್ಲಿ ರಸ್ತೆ ಸಿಕ್ಕರೆ ಅರ್ಧ ಬೆಟ್ಟ ಹತ್ತಿದಂತೆ. ಬೆಂಗಳೂರಿನ ಇದೇ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ನನಗೆ ಘಟ್ಟದ ಓಡಾಟ ಕಲಿಸಿದ್ದು ಇದರ ತದ್ವಿರುದ್ಧ. ಘಟ್ಟದ ಕಾಡೊಳಗೆ ಕಾಣುವ ಹಳೆಯ ರಸ್ತೆಗಳಲ್ಲಿ ಬಹಳಷ್ಟು ಕೂಪು ರಸ್ತೆಗಳು. ರೈಲ್ವೆ ಸ್ಲೀಪರ್‌ಗೆ, ಪ್ಲೈವುಡ್ ಕಾರ್ಖಾನೆಗೆ ದಿಮ್ಮಿ ಸಾಗಿಸಲು ಕಡಿದವು. ತುಂಬಿದ ಲಾರಿ ಬ್ರೇಕ್ ಸುಡದೆ ಇಳಿಯಬೇಕು, ಒಳ್ಳೆಯ ಮರವಿದ್ದ ಕಡೆಗೆಲ್ಲ ಕವಲೊಡೆಯಬೇಕು. ರಸ್ತೆ ಮಾಡಿದವರ ಲೆಕ್ಕ ಇಷ್ಟೇ. ಶಿಖರ ಆ ಲೆಕ್ಕದಲ್ಲಿ ಇರಲೇ ಇಲ್ಲ. ಹಾಗಾಗಿ ರಸ್ತೆ ಇಳಿಜಾರನ್ನು ಬಳಸಿಕೊಂಡು ಸುತ್ತುತ್ತದೆ, ದಿಮ್ಮಿ ರಾಶಿ ಹಾಕುತ್ತಿದ್ದ ಮಟ್ಟಸ ಜಾಗಕ್ಕೆ ಬಂದು ಸುಮ್ಮನೆ ಮುಗಿಯುತ್ತದೆ. ಅಲ್ಲಿಂದ ನೆತ್ತಿಯ ಹುಲ್ಲುಗಾವಲಿನವರೆಗೆ ಇರುವ ಶೋಲಾ ಕಾಡಿನ ಪಟ್ಟಿಯನ್ನು ಯಾವ ಲಾರಿಯೂ ಮುಟ್ಟಿಲ್ಲ.

ಮುಗಿಯುವ ಮೊದಲೇ ರಸ್ತೆ ಕೆಟ್ಟಿರುತ್ತದೆ ಎಂಬುದು ಇನ್ನೊಂದು ಸಂಗತಿ. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡನ್ನು ವರಮಾನದ ಮೂಲವೆಂದು ನೋಡುವುದನ್ನು ಬಿಡಬೇಕೆಂದಿತು. ಆ ಕಾಲದ ಆಚೀಚೆಗೆ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಹಸಿಮರ ಕಡಿತ ನಿಂತಿತು, ರಸ್ತೆಗಳೂ ಅನಾಥವಾದವು. ದಿಮ್ಮಿ ಜೋಡಿಸಿ ಮಾಡಿದ್ದ ಮೋರಿಗಳು ಕೊಳೆತವು, ಮಳೆನೀರು ರಸ್ತೆಯನ್ನೇ ಹಳ್ಳ ಮಾಡಿಕೊಂಡಿತು. ಮರ ಬಿದ್ದಲ್ಲಿ ಬೆಳಕು ಬಿತ್ತು, ಬೆಳಕು ಬಿದ್ದಲ್ಲಿ ಲಂಟಾನ, ಕಮ್ಯುನಿಸ್ಟ್ ಗಿಡ, ವಾಟೆ, ಬೆತ್ತ ಹಬ್ಬಿದವು. ನಗರದ ತರ್ಕ ತಲೆಕೆಳಗಾಗುವುದು ಇಲ್ಲೇ. ದೊಡ್ಡ ಮರಗಳ ದಟ್ಟ ನೆರಳಿನಲ್ಲಿ ನೆಲ ಸಾಕಷ್ಟು ತೆರವಾಗಿರುತ್ತದೆ. ಕೈಬಿಟ್ಟ ರಸ್ತೆಯೇ ಕಾಡಿನ ಅತ್ಯಂತ ಮುಳ್ಳಿನ ಭಾಗ. ಅಂಥ ಪೊದೆಯಲ್ಲಿ ಗಂಟೆಗೆ ಒಂದು ಕಿಲೋಮೀಟರ್ ನಡೆದರೆ ಪುಣ್ಯ. ಎಲ್ಲೋ ಒಂದೆಡೆ ರಸ್ತೆ ಅನುಮಾನ ಬರುವಷ್ಟು ಚೊಕ್ಕಟವಾಗಿದ್ದರೆ ಅದನ್ನು ತುಳಿದು ಇಟ್ಟಿರುವುದು ಆನೆಗಳು. ಲಾರಿಗೆ ಹಿತವಾದ ಏರು ಅವಕ್ಕೂ ಹಿತ. ಲದ್ದಿ ಹಸಿಯಾಗಿದ್ದರೆ ಮುಂದಿನ ಚರ್ಚೆ ಬೇಕಿಲ್ಲ, ವಾಪಸು ಹೊರಡುವುದು.

ಜಿಪಿಎಸ್ ಇದೆಯಲ್ಲ ಎನ್ನುವವರಿಗೆ ನನ್ನ ಉತ್ತರ ಸ್ವಲ್ಪ ಉದ್ದ. ನಾನೆಲ್ಲಿದ್ದೇನೆ ಎಂದು ಅದು ಸುಮಾರಾಗಿ ಹೇಳುತ್ತದೆ, ಕಣಿವೆಯಲ್ಲಿ ಇನ್ನಷ್ಟು ಸುಮಾರಾಗಿ. ಮುಂದೇನಿದೆ ಎಂಬ ಪ್ರಶ್ನೆಗೆ ಉತ್ತರಿಸಬೇಕಾದ್ದು ನಕ್ಷೆ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ ಎತ್ತರದ ಗೆರೆಗಳ ನಡುವಿನ ಅಂತರ ಸಾಮಾನ್ಯವಾಗಿ 20 ಮೀಟರ್. ಹದಿನೈದು ಮೀಟರಿನ ನೆಟ್ಟಗಿನ ಬಂಡೆ ಎರಡು ಗೆರೆಗಳ ನಡುವೆ ಆರಾಮಾಗಿ ಅಡಗಿ ಕೂರಬಲ್ಲದು. ಫೋನಿನ ಹಲವು ನಕ್ಷೆಗಳ ಎತ್ತರ 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದದ್ದು. ದಟ್ಟ ಕಾಡಿನಲ್ಲಿ ಆ ರೇಡಾರಿಗೆ ಹೆಚ್ಚಾಗಿ ಸಿಕ್ಕಿದ್ದು ಎಲೆಯ ಚಪ್ಪರ, ನೆಲವಲ್ಲ. ಪೀಣ್ಯದ ಲೇತ್ ಮುಂದೆ ನಿಂತವನು ಅಳತೆಪಟ್ಟಿ ಎಷ್ಟು ಸೂಕ್ಷ್ಮ ಎಂದು ಮೊದಲು ಕೇಳಿ ಆಮೇಲೆ ಅಳತೆ ನಂಬುತ್ತಾನೆ; ಭಾನುವಾರ ಅದೇ ಮನುಷ್ಯ ಫೋನಿನ ನೀಲಿಗೆರೆಗೆ ಆ ಪ್ರಶ್ನೆ ಕೇಳುವುದಿಲ್ಲ. ದಾರಿ ತಪ್ಪಿದರೆ ನೀರಿನ ಜಾಡು ಹಿಡಿದು ಇಳಿ ಎಂಬ ಉಪದೇಶವೂ ಇಂಥದ್ದೇ. ಮೂಡಣ ಇಳಿಜಾರಿನಲ್ಲಿ ಅದು ತೋಟಕ್ಕೋ ಊರಿಗೋ ಮುಟ್ಟಿಸಬಹುದು. ಪಡುವಣಕ್ಕೆ ಹರಿಯುವ ಹಳ್ಳ ಹಿಡಿದರೆ ಬಂಡಾಜೆ ಅಬ್ಬಿಯಂಥ ಕಡೆ ನೀರು ಧುಮುಕುತ್ತದೆ, ನಾವು ಅಂಚಿನಲ್ಲಿ ನಿಲ್ಲುತ್ತೇವೆ.

ಹೀಗೆ ಕಾಡಿಗೆ ನುಗ್ಗುವುದೇ ಕಾನೂನುಬಾಹಿರ, ಅದಕ್ಕೆ ಪಾಠ ಬೇರೆ ಏಕೆ ಎಂಬ ಆಕ್ಷೇಪ ಹೆಚ್ಚು ಗಟ್ಟಿ. ಒಪ್ಪುತ್ತೇನೆ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ, ಅಭಯಾರಣ್ಯಕ್ಕೆ 1972ರ ವನ್ಯಜೀವಿ ಕಾಯ್ದೆ; ಅನುಮತಿಯಿಲ್ಲದೆ ಕಾಲಿಟ್ಟರೆ ಅಪರಾಧ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಜಾತ್ರೆಯಂತೆ ಸೇರಿದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಸರ್ಕಾರ ಚಾರಣ ನಿಲ್ಲಿಸಿತು; ಆಮೇಲೆ ಅರಣ್ಯ ವಿಹಾರ ಜಾಲತಾಣ ಬಂತು. ಆ ಗದ್ದಲ ನೋಡಿ ಬೇಸತ್ತು ‘ಯಾರೂ ಹೋಗದ ಗುಡ್ಡ’ ಹುಡುಕುವವರನ್ನು ಕೂಪು ರಸ್ತೆ ಸೆಳೆಯುತ್ತದೆ. ಅದಕ್ಕೇ ಈ ಮಾತು. ಅನುಮತಿ ಪಡೆದು ಫಾರೆಸ್ಟ್ ವಾಚರ್ ಜೊತೆ ಹೋದಾಗಲೂ ಇದು ಉಪಯೋಗಕ್ಕೆ ಬರುತ್ತದೆ: ವಾಚರ್ ಒಂದು ಕವಲು ಬಿಟ್ಟು ಇನ್ನೊಂದು ಹಿಡಿದರೆ ಏಕೆಂದು ಅರ್ಥವಾಗುತ್ತದೆ, ಇಲ್ಲೇ ಸಾಕು ಎಂದರೆ ವಾದಕ್ಕಿಳಿಯುವ ಪ್ರಮೇಯ ಬರುವುದಿಲ್ಲ.

ಉಳಿದದ್ದು ಹೊತ್ತಿನ ಪ್ರಶ್ನೆ. ದಾರಿಯಿರುವ ಬೆಟ್ಟದಲ್ಲಿ ಇಳಿಯಲು ಹತ್ತಿದ್ದಕ್ಕಿಂತ ಕಡಿಮೆ ಹೊತ್ತು ಸಾಕು. ಪೊದೆ ಬಿಡಿಸಿಕೊಂಡು ಹತ್ತಿದ್ದಕ್ಕೆ ಈ ಲೆಕ್ಕ ಹೊಂದದು. ಮೇಲಿನಿಂದ ಕವಲುಗಳು ಬೇರೆಯಾಗಿ ಕಾಣುತ್ತವೆ, ನಾವೇ ಸರಿಸಿಬಂದ ಗಿಡ ಮತ್ತೆ ಮುಚ್ಚಿಕೊಂಡಿರುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ, ಕಾಡಿನ ಚಪ್ಪರದಡಿ ಐದಕ್ಕೇ ಮಬ್ಬು. ಬೆಳಿಗ್ಗೆ ಏಳಕ್ಕೆ ಹೊರಟ ತಂಡ ನೆತ್ತಿ ಕಾಣಲಿ ಬಿಡಲಿ ಹನ್ನೆರಡಕ್ಕೆ ತಿರುಗಲೇಬೇಕು. ಎಲ್ಲರೂ ಸೋಮವಾರದ ಶಿಫ್ಟನ್ನು ನೆನೆದು ಬೆಟ್ಟದಿಂದ ಮರಳುವ ಸಂಜೆಯ ಹೊತ್ತು ಹಿಂಡುತ್ತಾರೆ. ಹಿಂಡಬೇಕಾದ್ದು ಹೊರಡುವ ಶುಕ್ರವಾರದ ಹೊತ್ತನ್ನು. ವೈಟ್‌ಫೀಲ್ಡಿನಿಂದ ಹೊರಟ ವಾಹನ ಮನೆಮನೆಯ ಮುಂದೆ ನಿಂತು ತುಮಕೂರು ರಸ್ತೆ ಸೇರುವಷ್ಟರಲ್ಲಿ ರಾತ್ರಿ ಕರಗಿಹೋಗುತ್ತದೆ. ಎಲ್ಲರೂ ಮೆಟ್ರೊದಲ್ಲಿ ಬಂದು ಅದೇ ರಸ್ತೆಯ ಗೊರಗುಂಟೆಪಾಳ್ಯದಲ್ಲಿ ಹತ್ತಿಕೊಂಡರೆ ಉಳಿಯುವ ಹೊತ್ತು ಮರುದಿನ ಬೆಟ್ಟದಲ್ಲಿ ಸಿಗುತ್ತದೆ.