ಪಿತ್ತನಾಳದ ಸೋಂಕು: ಕಾಯಬಾರದ ಕಾಮಾಲೆ

ಮುಂಬಯಿಯ ಮಳೆಗಾಲದಲ್ಲಿ ನಡುಕದೊಡನೆ ಜ್ವರ ಬಂದರೆ ಮಲೇರಿಯಾ ಇರಬಹುದೆಂದು ಊಹಿಸುವುದು ಸಹಜ. ಕಣ್ಣು ಹಳದಿಯಾದರೆ ಪಥ್ಯ ಹಿಡಿದು, ಊರಿನಿಂದ ಬೇರಿನ ಮದ್ದು ತರಿಸುವ ರೂಢಿಯೂ ಕನ್ನಡಿಗರ ಮನೆಗಳಲ್ಲಿ ಇಲ್ಲದಿಲ್ಲ. ಆದರೆ ಚಳಿಜ್ವರ, ಕಾಮಾಲೆ, ಹೊಟ್ಟೆಯ ಬಲಮೇಲ್ಭಾಗದ ನೋವು ಇವು ಕೂಡಿಬಂದಾಗ ಮದ್ದಿಗಾಗಿ ಕಾಯುವುದು ಅಪಾಯಕರ. ಫ್ರಾನ್ಸಿನ ವೈದ್ಯ ಷಾರ್ಕೊ 1877ರಲ್ಲಿಯೇ ಈ ಮೂರನ್ನು ಪಿತ್ತನಾಳದ ಸೋಂಕಿನ ಲಕ್ಷಣಗಳೆಂದು ವರ್ಣಿಸಿದ್ದರು. ಎಲ್ಲ ರೋಗಿಗಳಲ್ಲಿಯೂ ಮೂರೂ ಕಾಣಲೇಬೇಕೆಂದಿಲ್ಲ. ರಕ್ತದೊತ್ತಡ ಕುಸಿದು ಪ್ರಜ್ಞೆ ಮಸುಕಾದರೆ ಪ್ರಾಣಾಪಾಯ ಸಮೀಪಿಸಿತೆಂದೇ ತಿಳಿಯಬೇಕು.

ಯಕೃತ್ತಿನಲ್ಲಿ ಉತ್ಪತ್ತಿಯಾದ ಪಿತ್ತರಸವು ಪಿತ್ತನಾಳದ ಮೂಲಕ ಸಣ್ಣ ಕರುಳನ್ನು ಸೇರುತ್ತದೆ. ಪಿತ್ತಕೋಶದಿಂದ ಜಾರಿದ ಕಲ್ಲು ಈ ನಾಳದಲ್ಲಿ ಸಿಕ್ಕಿಕೊಂಡರೆ ಹರಿವು ನಿಲ್ಲುತ್ತದೆ. ನಿಂತ ಪಿತ್ತದಲ್ಲಿ ಕರುಳಿನ ರೋಗಾಣುಗಳು ವೃದ್ಧಿಯಾಗುತ್ತವೆ. ನಾಳದೊಳಗೆ ಒತ್ತಡವೇರಿದಂತೆ ಅವು ರಕ್ತವನ್ನು ಪ್ರವೇಶಿಸುತ್ತವೆ. ಆದುದರಿಂದ ರೋಗಾಣುನಾಶಕ ಔಷಧದೊಡನೆ ಪಿತ್ತ ಹರಿದುಹೋಗುವ ದಾರಿಯನ್ನೂ ತೆರೆಯಬೇಕಾಗುತ್ತದೆ.

ಹಿಂದೆ ಇದಕ್ಕಾಗಿ ಹೊಟ್ಟೆಯನ್ನು ಕೊಯ್ಯಬೇಕಾಗಿತ್ತು. 1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳದ ದ್ವಾರವನ್ನು ಅಗಲಿಸುವ ವಿಧಾನವನ್ನು ಪ್ರಕಟಿಸಿದರು. ಇಂದು ಇ.ಆರ್.ಸಿ.ಪಿ. ಎಂದು ಕರೆಯಲ್ಪಡುವ ಚಿಕಿತ್ಸೆಯಲ್ಲಿ ಕ್ಷಕಿರಣದ ನೆರವಿನಿಂದ ತಡೆಯನ್ನು ಗುರುತಿಸಿ ಕಲ್ಲನ್ನು ಹೊರತೆಗೆಯುತ್ತಾರೆ. ರೋಗಿ ತೀರ ಬಳಲಿದ್ದರೆ ಸ್ಟೆಂಟ್ ಎಂಬ ಪುಟ್ಟ ಕೊಳವೆಯನ್ನಿಟ್ಟು, ಪಿತ್ತವು ಹರಿಯುವಂತೆ ಮಾಡಿ, ಕಲ್ಲು ತೆಗೆಯುವ ಕೆಲಸವನ್ನು ಮುಂದಕ್ಕೆ ಹಾಕುತ್ತಾರೆ. ಹಾಂಗ್‌ಕಾಂಗಿನಲ್ಲಿ ತೀವ್ರ ಸೋಂಕಿನ 82 ರೋಗಿಗಳಲ್ಲಿ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನವು ಇದರ ಬೆಲೆಯನ್ನು ತೋರಿಸಿತು. ಶಸ್ತ್ರಚಿಕಿತ್ಸೆಗೆ ಒಳಗಾದ 41 ಮಂದಿಯಲ್ಲಿ 13 ಮಂದಿ ಮೃತರಾದರೆ, ಎಂಡೋಸ್ಕೋಪ್ ಚಿಕಿತ್ಸೆ ಪಡೆದ 41 ಮಂದಿಯಲ್ಲಿ ಮೃತರಾದವರು 4 ಮಂದಿ. ಈ ಚಿಕಿತ್ಸೆಯಿಂದಲೂ ಕೆಲವರಲ್ಲಿ ರಕ್ತಸ್ರಾವ ಅಥವಾ ಮೇದೋಜೀರಕ ಗ್ರಂಥಿಯ ಉರಿಯೂತ ಉಂಟಾಗಬಹುದು. ಅನುಭವಿ ವೈದ್ಯರ ಕೈ ಅವಶ್ಯಕ.

ಉಪನಗರಗಳ ಪ್ರತಿಯೊಂದು ನರ್ಸಿಂಗ್ ಹೋಮಿನಲ್ಲಿಯೂ ಈ ಸೌಕರ್ಯ ಇರುವುದಿಲ್ಲ. ರೋಗಿಯನ್ನು ದಾಖಲು ಮಾಡುವಾಗಲೇ ಇದನ್ನು ಕೇಳಿ ತಿಳಿಯುವುದು ಲೇಸು. ಪರೇಲಿನ ಕೆ.ಇ.ಎಂ., ಸಯನ್ನಿನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್ ಬಳಿಯ ನಾಯರ್, ಈ ಮೂರು ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಜಠರ ಹಾಗೂ ಕರುಳಿನ ರೋಗಗಳಿಗೆ ಪ್ರತ್ಯೇಕ ವಿಭಾಗಗಳಿವೆ.

ಜ್ವರವಿಳಿದೊಡನೆ ಕರ್ತವ್ಯ ಮುಗಿಯಿತೆಂದು ಭಾವಿಸಬಾರದು. ಪ್ಲಾಸ್ಟಿಕ್ ಸ್ಟೆಂಟು ಕೆಲವು ತಿಂಗಳುಗಳಲ್ಲಿ ಕಟ್ಟಿಕೊಂಡು ಸೋಂಕು ಮರುಕಳಿಸಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಅದನ್ನು ತೆಗೆಸಬೇಕು ಇಲ್ಲವೆ ಬದಲಿಸಬೇಕು. ವಿಶ್ರಾಂತಿಗೆಂದು ಊರಿಗೆ ತೆರಳುವವರು ಆ ದಿನಾಂಕವನ್ನು ಬರೆದಿಟ್ಟುಕೊಂಡು, ಆಸ್ಪತ್ರೆಯ ಕಾಗದಗಳನ್ನು ಜೊತೆಗೊಯ್ಯಬೇಕು. ಪಿತ್ತಕೋಶದಲ್ಲಿ ಕಲ್ಲುಗಳು ಉಳಿದಿದ್ದರೆ, ಅದನ್ನು ತೆಗೆಸುವ ವಿಚಾರವಾಗಿ ವೈದ್ಯರ ಸಲಹೆ ಪಡೆಯಬೇಕು.