ಪಿಸ್ಟನ್ ತರಿಸುವ ಮೊದಲು



ನೀನು ಬಿಚ್ಚಿ ಕಳಿಸಿದ ಚೈನ್‌ಸಾ ಪಿಸ್ಟನ್ನಿನ ಫೋಟೋ ನೋಡಿದೆ. ಸೈಲೆನ್ಸರ್ ಕಡೆಯ ಮೈ ಉದ್ದಕ್ಕೂ ಗೀರಿದೆ, ರಿಂಗು ಕಚ್ಚಿಕೊಂಡಿದೆ. ಕಾರ್ಬೊರೇಟರ್ ಕಡೆ ಮಾತ್ರ ಹೊಸದರ ಹಾಗೇ ಇದೆ. ಆಯಿಲ್ ಬೆರೆಸದೆ ಬರೀ ಪೆಟ್ರೋಲಿನಲ್ಲಿ ಓಡಿಸಿದ್ದರೆ ಸಾಮಾನ್ಯವಾಗಿ ಸುತ್ತಲೂ ಗೀರುತ್ತಿತ್ತು. ಹಾಗಾಗಿ ಕೆಲಸದವನನ್ನು ಬೈಯಬೇಡ. ಎಂಜಿನ್ನಿಗೆ ಪೆಟ್ರೋಲು ಕಡಿಮೆ, ಗಾಳಿ ಜಾಸ್ತಿ ಹೋಗಿದೆ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಪೆಟ್ರೋಲು ತಗ್ಗಿದರೆ ಜಿಡ್ಡೂ ತಗ್ಗಿತು, ಒಳಗಿನ ತಂಪೂ ತಗ್ಗಿತು. ಹೊಗೆ ಹೊರಡುವ ಬದಿ ಮೊದಲೇ ಕಾದಿರುತ್ತದೆ. ಪಿಸ್ಟನ್ ಹಿಗ್ಗಿ ಉಜ್ಜುವುದು ಅಲ್ಲೇ.

‘ಕೆಡುವ ಮುಂಚೆ ಎಂದೂ ಇಲ್ಲದಷ್ಟು ಜೋರಾಗಿ ಓಡುತ್ತಿತ್ತು ಮಾವಾ’ ಅಂದೆಯಲ್ಲ, ರೋಗ ಅದೇ. ಆಕ್ಸಿಲರೇಟರ್ ಬಿಟ್ಟ ಮೇಲೂ ಸದ್ದು ಬೇಗ ಇಳಿಯದಿದ್ದರೆ ತಕ್ಷಣ ಆಫ್ ಮಾಡಬೇಕು.

ಪೇಟೆಯ ಅಂಗಡಿಯವರು ಹೊಸ ಪಿಸ್ಟನ್ ಹಾಕಿ ಕಳಿಸುತ್ತಾರೆ. ಪೆಟ್ರೋಲು ಎಲ್ಲಿ ತಡೆಯಿತು, ಗಾಳಿ ಎಲ್ಲಿಂದ ಬಂತು ಅಂತ ಹುಡುಕದಿದ್ದರೆ ಅದೂ ಹೀಗೇ ಸುಡುತ್ತದೆ. ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿದೆಯೇ, ಟ್ಯಾಂಕ್ ಉಸಿರಾಡುವ ತೂತು ಮುಚ್ಚಿದೆಯೇ ನೋಡು. ಕಾರ್ಬೊರೇಟರಿನ ಡಯಾಫ್ರಾಮ್ ಗಟ್ಟಿಯಾಗಿದ್ದರೆ ಬದಲಿಸು. ಆಮೇಲೆ ಹಳೇ ಪಿಸ್ಟನ್ ಇಟ್ಟೇ ಬ್ಲಾಕ್ ಕೂರಿಸಿ, ಕಾರ್ಬೊರೇಟರ್ ಹಿಡಿಯುವ ರಬ್ಬರ್ ಬೂಟಿನ ಬಾಯಿ, ಸೈಲೆನ್ಸರ್ ಬಾಯಿ ಎರಡನ್ನೂ ಹಳೇ ಟ್ಯೂಬಿನ ತುಂಡಿನಿಂದ ಬಿಗಿ. ಪಿಸ್ಟನ್ ಕೆಳಗಿಳಿಸಿ, ಪ್ಲಗ್ ತೂತಿನಿಂದ ಅರ್ಧ ಬಾರ್ ಗಾಳಿ ತುಂಬಿ ಸೋಪುನೀರು ಹಚ್ಚು. ಬೂಟಿನ ಬಿರುಕಿನಲ್ಲೋ ಕ್ರ್ಯಾಂಕ್ ಸೀಲಿನಲ್ಲೋ ಗುಳ್ಳೆ ಎದ್ದರೆ ಕಳ್ಳ ಸಿಕ್ಕ. ಆಮೇಲೆ ಗಾಳಿ ಎಳೆದೂ ನೋಡು. ತುಂಬಿದಾಗ ತಡೆಯುವ ಸೀಲು ಎಳೆದಾಗ ಸೋರುವುದುಂಟು.

ಏನೂ ಸಿಗದಿದ್ದರೆ ಪೆಟ್ರೋಲಿನ ಮೇಲೆ ನನಗೆ ಅನುಮಾನ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ20 ಈಗ ಹಳ್ಳಿಯ ಬಂಕಿಗೂ ಬಂದಿದೆ: ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ ಸುಮಾರು 9 ಸಾಕು. ಕಾರ್ಬೊರೇಟರಿನ ಸ್ಕ್ರೂ ಹಳೇ ಜಾಗದಲ್ಲೇ ಇದ್ದರೆ ಗಾಳಿ ಹೆಚ್ಚಾದ ಹಾಗೇ ಆಯಿತಲ್ಲ. ಅನೇಕ ಚೈನ್‌ಸಾ ಕಂಪನಿಗಳು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಎಥೆನಾಲ್ ಬೇಡ ಅನ್ನುತ್ತವೆ. ನಿನ್ನ ಮಿಷನ್ನಿನ ಪುಸ್ತಕ ತೆಗೆದು ನೋಡು. ಸಾಲದ್ದಕ್ಕೆ ಎಥೆನಾಲ್ ನೀರು ಹೀರುತ್ತದೆ. ನಮ್ಮ ಮಳೆಗಾಲದ ಥಂಡಿಯಲ್ಲಿ ಬೆರೆಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಕ್ಯಾನಿನಲ್ಲಿ ಇಡಬೇಡ.

ಬೋರಿನಲ್ಲಿ ಕಾಣುವ ಬೂದು ಗೆರೆಗಳು ಹೆಚ್ಚಿನಂಶ ಪಿಸ್ಟನ್ನಿನ ಅಲ್ಯೂಮಿನಿಯಂ. ಹತ್ತಿಕಡ್ಡಿಯಲ್ಲಿ ಒಂದೊಂದೇ ಹನಿ ಹೈಡ್ರೋಕ್ಲೋರಿಕ್ ಆಸಿಡ್ ಹಚ್ಚು. ನೊರೆ ನಿಂತರೆ ಅಲ್ಯೂಮಿನಿಯಂ ಹೋಯಿತೆಂದು ಅರ್ಥ. ಬೋರಿನ ಕೋಟಿಂಗ್ ಎದ್ದ ಕಡೆಗೂ ಪೋರ್ಟ್‌ಗಳ ಅಂಚಿಗೂ ಆಸಿಡ್ ತಾಗಬಾರದು, ಬ್ಲಾಕನ್ನೇ ತಿಂದುಬಿಡುತ್ತದೆ. ಅಂಗಳದಲ್ಲಿ ಕೂತು, ಕನ್ನಡಕ, ಗ್ಲೌಸು ಹಾಕಿಕೊಂಡು ಮಾಡು. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆ. ಸೋಡಾ ಎಷ್ಟು ಹೋಯಿತೆಂದು ನಿನ್ನ ಅಮ್ಮ ಕೇಳಿದರೆ ನನ್ನ ಹೆಸರು ಹೇಳು. ತೊಳೆದ ಮೇಲೂ ಉಗುರು ಸಿಕ್ಕಿಕೊಳ್ಳುವ ಗೀರಿದ್ದರೆ ಬ್ಲಾಕೂ ಹೊಸದೇ ಬೇಕು. ಬೈಕಿನ ಬ್ಲಾಕಿನಂತೆ ರೀಬೋರ್ ಮಾಡುತ್ತೇವೆ ಅಂದವರಿಗೆ ಕೊಡಬೇಡ. ಗಟ್ಟಿ ಕೋಟಿಂಗ್ ಕೆರೆದುಹೋದರೆ ಉಳಿಯುವುದು ಮೆತ್ತನೆಯ ಅಲ್ಯೂಮಿನಿಯಂ.

ಹೊಸ ಪಿಸ್ಟನ್ನಿನ ತಲೆಯ ಬಾಣ ಸೈಲೆನ್ಸರ್ ಕಡೆ ಇರಲಿ. ಹಳೇ ಸರ್ಕ್ಲಿಪ್ ಮತ್ತೆ ಹಾಕಬೇಡ. ಮಿಷನ್ ಹೊರಟ ಮೇಲೆ ಕಾರ್ಬೊರೇಟರಿನ ಎಚ್ ಸ್ಕ್ರೂ ಸ್ವಲ್ಪ ಬಿಚ್ಚಿಯೇ ಇಡು: ಮರಕ್ಕೆ ತಾಗಿಸದೆ ಫುಲ್ ಕೊಟ್ಟಾಗ ಸದ್ದು ತುಸು ಗೊರಗೊರ ಅನ್ನಬೇಕು, ಮರಕ್ಕೆ ಒತ್ತಿದಾಗ ನಯವಾಗಬೇಕು. ಗಾಳಿ ಪರೀಕ್ಷಿಸುವ ಕೈಪಂಪು ನನ್ನಲ್ಲಿದೆ, ಬುಧವಾರದ ಬಸ್ಸಿಗೆ ಹಾಕುತ್ತೇನೆ. ಅದು ಬರುವವರೆಗೆ ಪಿಸ್ಟನ್ ಆರ್ಡರ್ ಮಾಡಬೇಡ.

ನಿನ್ನ ಮಾವ