ತೋಟದವನೆಂದುಕೊಂಡಳು

ಕನ್ನಡದಲ್ಲಿ ಹೊಲ ಬೇರೆ, ಗದ್ದೆ ಬೇರೆ, ತೋಟ ಬೇರೆ. ಹೊಲ ಮಳೆಯನ್ನು ನಂಬಿಕೊಂಡಿರುತ್ತದೆ. ಗದ್ದೆಯಲ್ಲಿ ನೀರು ನಿಲ್ಲಬೇಕು. ತೋಟಕ್ಕಾದರೆ ಬೇಲಿ ಬೇಕು, ಬಾವಿಯೋ ಕಾಲುವೆಯೋ ಬೇಕು, ವರ್ಷಗಟ್ಟಲೆ ನಿಲ್ಲುವ ಮರಗಳು ಬೇಕು. ಇವೆಲ್ಲ ಇದ್ದೂ ದಿನಾ ಒಂದು ಸುತ್ತು ಹಾಕಿ ಬರುವವನು ಇಲ್ಲದಿದ್ದರೆ ಅದು ತೋಟವಾಗಿ ಉಳಿಯುವುದಿಲ್ಲ, ಕಳೆ ಬೆಳೆದು ಕಾಡಾಗುತ್ತದೆ. ಬೈಬಲನ್ನು ಮೊದಲ ಸಲ ಓದಲು ಕೂತವರಿಗೆ ಅಲ್ಲಿಯ ತೋಟಗಳನ್ನು ಪರಿಚಯಿಸುವಾಗ ನಾನು ಇಲ್ಲಿಂದಲೇ ಶುರುಮಾಡುತ್ತೇನೆ. ತೋಟ ಎಂದ ಕೂಡಲೇ ಹುಲ್ಲುಹಾಸು, ಕಾರಂಜಿ, ಕಲ್ಲುಬೆಂಚುಗಳಿರುವ ಪಾರ್ಕು ಕಣ್ಣಿಗೆ ಬಂದರೆ ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮನೆಯ ಹಿತ್ತಲನ್ನೋ ಮಲೆನಾಡಿನ ಅಡಿಕೆ ತೋಟವನ್ನೋ ನೆನೆದುಕೊಳ್ಳಿ. ಹೀಬ್ರೂ ಭಾಷೆಯ ‘ಗನ್’ ಎಂಬ ಪದಕ್ಕೆ ಅವೇ ಹತ್ತಿರ. ಸುತ್ತಲೂ ಕಟ್ಟಿ ಕಾಪಾಡುವ ಅರ್ಥ ಆ ಪದದ ಧಾತುವಿನಲ್ಲೇ ಇದೆ.

ಆ ಸೀಮೆಯ ಮಳೆಯ ಲೆಕ್ಕವನ್ನೂ ತಿಳಿದಿರಬೇಕು. ಯೆರೂಸಲೇಮಿನ ಸುತ್ತ ಅಕ್ಟೋಬರ್ ಹೊತ್ತಿಗೆ ಮಳೆ ಹಿಡಿದು ಏಪ್ರಿಲ್ ಹೊತ್ತಿಗೆ ಬಿಡುತ್ತದೆ. ಅಲ್ಲಿಂದಾಚೆ ಬೇಸಿಗೆ ಪೂರ್ತಿ ಒಣ. ಸುಣ್ಣಕಲ್ಲಿನ ಗುಡ್ಡಗಳು, ಅಲ್ಲೊಂದು ಇಲ್ಲೊಂದು ಬುಗ್ಗೆ. ಧರ್ಮೋಪದೇಶಕಾಂಡದ 11ನೇ ಅಧ್ಯಾಯದಲ್ಲಿ ನಾಯಕ ಮೋಶೆ ತನ್ನ ಜನರಾದ ಇಸ್ರಾಯೇಲರಿಗೆ ಒಂದು ಹೋಲಿಕೆ ಕೊಡುತ್ತಾನೆ. ನೀವು ಬಿಟ್ಟುಬಂದ ಐಗುಪ್ತದಲ್ಲಿ ಕಾಯಿಪಲ್ಯದ ತೋಟಕ್ಕೆ ಕಾಲಿನಿಂದ ನೀರು ಹಾಯಿಸುತ್ತಿದ್ದಿರಿ, ಈಗ ಹೋಗುತ್ತಿರುವುದು ಆಕಾಶದ ಮಳೆಯನ್ನೇ ಕುಡಿಯುವ ನೆಲಕ್ಕೆ ಎನ್ನುತ್ತಾನೆ. ಕಾಲಲ್ಲಿ ಮಣ್ಣು ಸರಿಸಿ ಮಡಿಯಿಂದ ಮಡಿಗೆ ನೀರು ತಿರುಗಿಸುವುದನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಮೋಡ ನೋಡುತ್ತ ಬದುಕಬೇಕಾದ ಜನಕ್ಕೆ ನೀರಿರುವ ತೋಟ ದೊಡ್ಡ ಕನಸು. ಆದ್ದರಿಂದಲೇ ಪ್ರವಾದಿ ಯೆಶಾಯನ ಗ್ರಂಥದಲ್ಲಿ ದೇವರು ನಡೆಸುವ ಜನ ತಂಪಾಗಿ ನೀರುಂಡ ತೋಟದಂತೆ, ದಾರಿ ತಪ್ಪಿದ ಊರು ನೀರಿಲ್ಲದ ತೋಟದಂತೆ.

ಮೊದಲ ತೋಟ ಏದೆನ್. ಆದಿಕಾಂಡದ 2ನೇ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಒಂದು ಮಾತು ತಡೆದು ನಿಲ್ಲಿಸುತ್ತದೆ. ಭೂಮಿಯಲ್ಲಿ ಇನ್ನೂ ಗಿಡಗಂಟಿ ಹುಟ್ಟಿರಲಿಲ್ಲ, ಯಾಕೆಂದರೆ ಮಳೆ ಬಿದ್ದಿರಲಿಲ್ಲ, ನೆಲದಲ್ಲಿ ದುಡಿಯಲು ಮನುಷ್ಯನೂ ಇರಲಿಲ್ಲ. ಎರಡು ಕಾರಣಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ ಗ್ರಂಥ. ಹಸಿರಿಗೆ ಮೇಲಿನ ಮಳೆ ಎಷ್ಟು ಬೇಕೋ ಕೆಳಗಿನ ಕೈ ಅಷ್ಟೇ ಬೇಕು. ಆಮೇಲೆ ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸುತ್ತಾನೆ, ಏದೆನಿನಲ್ಲಿ ತಾನೇ ಒಂದು ತೋಟ ನೆಟ್ಟು ಅಲ್ಲಿ ಅವನನ್ನು ಇರಿಸುತ್ತಾನೆ. ಆದಾಮ ಎಂಬ ಹೆಸರಿಗೂ ‘ಅದಾಮಾ’ ಎಂಬ ಮಣ್ಣಿನ ಹೆಸರಿಗೂ ಹೀಬ್ರೂವಿನಲ್ಲಿ ನಂಟು ಕಿವಿಗೇ ಕೇಳುತ್ತದೆ.

ಹೊಸಬರು ಸಾಮಾನ್ಯವಾಗಿ ಏದೆನ್ ಎಂದರೆ ಕೈಕಾಲು ಆಡಿಸದೆ ಹಣ್ಣು ತಿಂದು ಮಲಗುವ ಜಾಗ, ದುಡಿಮೆ ಬಂದದ್ದು ಶಾಪದಿಂದ ಎಂದುಕೊಂಡಿರುತ್ತಾರೆ. ಹಾಗಲ್ಲ. ಹಾವು ಕಥೆಯೊಳಗೆ ಬರುವುದಕ್ಕೆ ಮೊದಲೇ ಮನುಷ್ಯನಿಗೆ ಕೆಲಸ ಕೊಟ್ಟಾಗಿದೆ: ತೋಟವನ್ನು ವ್ಯವಸಾಯ ಮಾಡಬೇಕು, ಕಾಯಬೇಕು. ಇಲ್ಲಿ ಬಳಸಿರುವ ‘ಆವದ್’, ‘ಶಾಮರ್’ ಎಂಬ ಎರಡು ಕ್ರಿಯಾಪದಗಳನ್ನು ಗುರುತು ಹಾಕಿಕೊಳ್ಳಿ. ಅರಣ್ಯಕಾಂಡದ 3ನೇ ಅಧ್ಯಾಯದಲ್ಲಿ ಲೇವಿ ಕುಲದವರು ದೇವದರ್ಶನದ ಗುಡಾರದಲ್ಲಿ ಮಾಡುವ ಸೇವೆಗೂ ಕಾವಲಿಗೂ ಇವೇ ಎರಡು ಪದಗಳು ಜೊತೆಯಾಗಿ ಬರುತ್ತವೆ. ಗುದ್ದಲಿ ಹಿಡಿಯುವುದಕ್ಕೂ ಗುಡಿಯಲ್ಲಿ ನಿಲ್ಲುವುದಕ್ಕೂ ಒಂದೇ ಮಾತು! ಬಹಳಷ್ಟು ವ್ಯಾಖ್ಯಾನಕಾರರು ಏದೆನನ್ನು ಮೊದಲ ದೇವಾಲಯವೆಂದು ಓದುವುದು ಈ ಸುಳಿವನ್ನು ಹಿಡಿದು. ನನಗೆ ಆ ಓದು ಸರಿಯೆನಿಸುತ್ತದೆ.

ಯಾಕೆಂದರೆ ಸೊಲೊಮೋನ ಕಟ್ಟಿಸಿದ ದೇವಾಲಯದ ವರ್ಣನೆಯನ್ನು ಅರಸುಗಳ ಮೊದಲ ಗ್ರಂಥದಲ್ಲಿ ಓದಿದರೆ ತೋಟದೊಳಗೇ ಹೊಕ್ಕಂತಾಗುತ್ತದೆ. ಗೋಡೆಯ ಮೇಲೆ ಖರ್ಜೂರದ ಮರಗಳು, ಅರಳಿದ ಹೂಗಳು, ಕೆರೂಬಿಯರೆಂಬ ರೆಕ್ಕೆಯ ದೇವದೂತರು. ಕಂಬಗಳ ತಲೆಯಲ್ಲಿ ತಾವರೆಯಂಥ ಕೆತ್ತನೆ, ಸಾಲುಸಾಲು ದಾಳಿಂಬೆ. ಅದಕ್ಕೂ ಹಿಂದೆ ಮೋಶೆಯ ಕಾಲದ ಗುಡಾರದ ಚಿನ್ನದ ದೀಪಸ್ತಂಭದ ಕೊಂಬೆಗಳಲ್ಲಿ ಬಾದಾಮಿ ಹೂವಿನಾಕಾರದ ಬಟ್ಟಲುಗಳಿದ್ದವು. ಕಳೆದುಕೊಂಡ ತೋಟವನ್ನು ಮರದಲ್ಲೂ ಲೋಹದಲ್ಲೂ ಮತ್ತೆ ಬೆಳೆಸಲು ಹೊರಟಂತಿದೆ. ಏದೆನಿನಿಂದ ಹೊರಟು ನಾಲ್ಕಾಗಿ ಒಡೆಯುವ ನದಿಗಳಲ್ಲಿ ಟೈಗ್ರಿಸ್, ಯೂಫ್ರೆಟಿಸ್ ಭೂಪಟದಲ್ಲಿ ಸಿಗುತ್ತವೆ. ಇನ್ನೊಂದರ ಹೆಸರು ಗೀಹೋನ್. ಯೆರೂಸಲೇಮಿನ ಪೂರ್ವಕ್ಕೆ ಕಿದ್ರೋನ್ ಹಳ್ಳದ ಬದಿಯಲ್ಲಿ ಉಕ್ಕುವ, ಊರಿಗೆ ಕುಡಿಯುವ ನೀರು ಕೊಟ್ಟ ಬುಗ್ಗೆಯ ಹೆಸರೂ ಅದೇ. ಈ ಕಿದ್ರೋನ್ ಹಳ್ಳವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ದಾಟಬೇಕಾಗುತ್ತದೆ.

ದೇವರು ಬೇಡವೆಂದರೂ ಹಾವಿನ ಮಾತು ಕೇಳಿ ಆದಾಮನೂ ಅವನ ಹೆಂಡತಿ ಹವ್ವಳೂ ತಿಂದ ಹಣ್ಣಿನ ವಿಷಯ ಬೇಗ ಮುಗಿಸೋಣ. ಅದು ಸೇಬು ಎಂದು ಬೈಬಲಿನಲ್ಲಿ ಎಲ್ಲೂ ಇಲ್ಲ. ಲ್ಯಾಟಿನ್ನಿನಲ್ಲಿ ಸೇಬಿಗೂ ಕೆಡುಕಿಗೂ ‘ಮಾಲುಮ್’ ಎಂದೇ ಬರೆಯುತ್ತಾರೆ. ಆ ಪದದಾಟವೂ ಚಿತ್ರಕಾರರೂ ಸೇರಿ ಸೇಬನ್ನು ನಿಲ್ಲಿಸಿಬಿಟ್ಟರು. ಕಥೆಯ ತಿರುಳು ಹಣ್ಣಿನಲ್ಲಿಲ್ಲ, ಆಮೇಲಿನ ಸಂಜೆಯಲ್ಲಿದೆ. ತಂಗಾಳಿಯ ಹೊತ್ತಿಗೆ ದೇವರು ತೋಟದಲ್ಲಿ ತಿರುಗಾಡುವ ಸಪ್ಪಳ ಕೇಳುತ್ತದೆ. ಆದಾಮ, ಹವ್ವ ಮರಗಳ ಮರೆಗೆ ಸರಿಯುತ್ತಾರೆ. ಎಲ್ಲಿದ್ದೀಯೆಂದು ದೇವರು ಕರೆಯುತ್ತಾನೆ. ತೋಟದ ಯಜಮಾನ ಸಂಜೆ ಒಂದು ಸುತ್ತು ಬಂದಾಗ ತೋಟ ಕಾಯಬೇಕಾದವನೇ ಬಚ್ಚಿಟ್ಟುಕೊಂಡಿದ್ದಾನೆ. ಬೈಬಲಿನಲ್ಲಿ ಪಾಪ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ದೃಶ್ಯವನ್ನು. ಕೊನೆಗೆ ಅವರನ್ನು ಹೊರಹಾಕಿ, ತೋಟದ ಪೂರ್ವಕ್ಕೆ ಕೆರೂಬಿಯರನ್ನೂ ಸುತ್ತುವ ಬೆಂಕಿಯ ಕತ್ತಿಯನ್ನೂ ಇಡಲಾಗುತ್ತದೆ. ಕಾಯುವ ಕೆಲಸಕ್ಕೆ ಇಲ್ಲೂ ಅದೇ ‘ಶಾಮರ್’ ಪದ. ಕೆಲಸ ಮನುಷ್ಯನ ಕೈಯಿಂದ ಜಾರಿ ಬೇರೆಯವರ ಪಾಲಾಯಿತು.

ಪ್ಯಾರಡೈಸ್ ಎಂಬ ಮಾತು ಎಲ್ಲಿಂದ ಬಂತು? ಹಳೆಯ ಇರಾನಿನ ಭಾಷೆಯಲ್ಲಿ ಸುತ್ತುಗೋಡೆ ಕಟ್ಟಿದ ಆವರಣಕ್ಕೆ ‘ಪೈರಿದೇಜ’ ಎನ್ನುತ್ತಿದ್ದರು. ಪರ್ಷಿಯದ ಅರಸರ ತೋಪುಗಳ ಹೆಸರಾಗಿ ಅದು ಗ್ರೀಕಿಗೆ ‘ಪಾರಾದೈಸೊಸ್’ ಆಗಿ ಬಂತು. ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದವರು ಏದೆನ್ ತೋಟಕ್ಕೆ ಇದೇ ಪದ ಬಳಸಿದರು. ಶಿಲುಬೆಯ ಮೇಲೆ ಯೇಸು ಪಕ್ಕದ ಕಳ್ಳನಿಗೆ ಇವತ್ತೇ ನನ್ನ ಜೊತೆ ಇರುತ್ತೀಯೆಂದು ಮಾತು ಕೊಡುವ ಜಾಗದ ಹೆಸರೂ ಅದೇ. ನಮ್ಮ ಕನ್ನಡ ಬೈಬಲಿನಲ್ಲಿ ಅದು ‘ಪರದೈಸ’ ಎಂದೇ ಉಳಿದಿದೆ. ಇರಾನಿನ ಬೇಲಿಯೊಂದು ಇಷ್ಟು ದೂರ ನಡೆದುಬಂದಿದೆ!

ಏದೆನಿನಿಂದ ಯೇಸುವಿನವರೆಗೆ ತೋಟಗಳು ಹಲವು, ಎಲ್ಲವೂ ಒಳ್ಳೆಯವಲ್ಲ. ಅರಸ ಅಹಾಬನಿಗೆ ಅರಮನೆಯ ಪಕ್ಕದ ನಾಬೋತನ ದ್ರಾಕ್ಷೇತೋಟ ಬೇಕಾಯಿತು, ಅದೂ ಕಾಯಿಪಲ್ಯ ಬೆಳೆಯಲು. ಪಿತ್ರಾರ್ಜಿತ ಭೂಮಿ ಕೊಡೆನೆಂದವನನ್ನು ಸುಳ್ಳುಸಾಕ್ಷಿ ಹೂಡಿ ಕಲ್ಲೆಸೆದು ಕೊಲ್ಲಿಸಿದರು. ಕೆಲವು ತೋಪುಗಳಲ್ಲಿ ವಿಗ್ರಹಪೂಜೆ ನಡೆಯುತ್ತದೆಂದು ಯೆಶಾಯ ಗುಡುಗುತ್ತಾನೆ. ಪ್ರವಾದಿ ಯೆರೆಮೀಯ ಮಾತ್ರ ಬಾಬೆಲಿಗೆ ಸೆರೆಹೋದವರಿಗೆ ಪತ್ರ ಬರೆದು, ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ಉಣ್ಣಿ ಎಂದ. ಶತ್ರುವಿನ ನೆಲದಲ್ಲೂ ತೋಟ ಮಾಡಬಹುದು ಎಂಬುದು ಆ ಕಾಲಕ್ಕೆ ನುಂಗಲು ಕಷ್ಟವಾದ ಮಾತು. ಪರಮಗೀತದ 4ನೇ ಅಧ್ಯಾಯದಲ್ಲಿ ಪ್ರೇಯಸಿಯೇ ಬೇಲಿ ಹಾಕಿದ ತೋಟ. ಮಧ್ಯಯುಗದ ಯೂರೋಪಿನ ಕ್ರೈಸ್ತರು ಆ ಬೇಲಿಯೊಳಗೆ ಕನ್ಯೆ ಮರಿಯಳನ್ನು ಕಂಡರು. ಆದರೆ ಮೊದಲ ಓದಿಗೆ ಅದು ಅಪ್ಪಟ ಒಲವಿನ ಹಾಡು. ಹಾಗೆಯೇ ಓದಿ, ಸಂಕೋಚ ಬೇಡ.

ಯೇಸು ಹೇಳಿದ ತೋಟದ ಸಾಮ್ಯಗಳಲ್ಲಿ ನನಗೆ ಇಷ್ಟವಾದದ್ದು ಲೂಕನ ಸುವಾರ್ತೆಯ 13ನೇ ಅಧ್ಯಾಯದ ಅಂಜೂರದ ಮರ. ದ್ರಾಕ್ಷೇತೋಟದಲ್ಲಿ ನೆಟ್ಟ ಅಂಜೂರ ಮೂರು ವರ್ಷವಾದರೂ ಹಣ್ಣು ಬಿಟ್ಟಿಲ್ಲ. ನೆಲ ದಂಡ, ಕಡಿದುಹಾಕು ಎನ್ನುತ್ತಾನೆ ಯಜಮಾನ. ಇದೊಂದು ವರ್ಷ ಬಿಡಿ ಸ್ವಾಮಿ, ಬುಡ ಅಗೆದು ಗೊಬ್ಬರ ಹಾಕಿ ನೋಡುತ್ತೇನೆ ಎಂದು ಕೇಳಿಕೊಳ್ಳುತ್ತಾನೆ ಆಳು. ಕಥೆ ಅಲ್ಲಿಗೇ ನಿಲ್ಲುತ್ತದೆ. ಮರ ಹಣ್ಣು ಬಿಟ್ಟಿತೋ ಇಲ್ಲವೋ ಯೇಸು ಹೇಳುವುದಿಲ್ಲ. ಗೊಬ್ಬರದ ವಾಸನೆಯಿರುವ ಈ ಬೇಡಿಕೆಯಲ್ಲಿ ಕ್ರೈಸ್ತರು ಕೃಪೆ ಎಂದು ಕರೆಯುವುದು ಎದುರಿಗೇ ಇದೆ.

ಈಗ ಕಿದ್ರೋನ್ ಹಳ್ಳ ದಾಟೋಣ. ಕೊನೆಯ ಊಟ ಮುಗಿಸಿ ಯೇಸು ಶಿಷ್ಯರೊಂದಿಗೆ ಹೋಗುವ ಜಾಗವನ್ನು ನಾವೆಲ್ಲ ಗೆತ್ಸೇಮನೆ ತೋಟ ಎನ್ನುತ್ತೇವೆ. ಆದರೆ ಸುವಾರ್ತೆ ಬರೆದವರಲ್ಲಿ ಮತ್ತಾಯ, ಮಾರ್ಕರು ಗೆತ್ಸೇಮನೆ ಎಂಬ ಹೆಸರು ಹೇಳುತ್ತಾರೆ, ತೋಟ ಎನ್ನುವುದಿಲ್ಲ. ಯೋಹಾನ ತೋಟ ಎನ್ನುತ್ತಾನೆ, ಹೆಸರು ಹೇಳುವುದಿಲ್ಲ. ಎರಡನ್ನೂ ಸೇರಿಸಿದ್ದು ಓದುಗರು. ಗೆತ್ಸೇಮನೆ ಎಂದರೆ ಎಣ್ಣೆಗಾಣ. ಅದು ಇರುವುದು ಆಲಿವ್ ಮರಗಳ ಬೆಟ್ಟದ ತಪ್ಪಲಿನಲ್ಲಿ. ಕನ್ನಡ ಬೈಬಲಿನ ಹಳೆಯ ಅನುವಾದಕರು ಆಲಿವನ್ನು ಎಣ್ಣೇಮರ ಎಂದು ಕರೆದು ‘ಎಣ್ಣೇಮರಗಳ ಗುಡ್ಡ’ ಎಂದರು. ಆ ಹೆಸರಿನಲ್ಲಿ ಗಾಣ ತಾನಾಗಿ ನೆನಪಿಗೆ ಬರುತ್ತದೆ. ಕಾಯಿ ಅರೆದು ಎಣ್ಣೆ ಹಿಂಡುವ ಜಾಗದಲ್ಲಿ ಒಬ್ಬ ಮನುಷ್ಯ ಹಿಂಡಿಹೋಗುತ್ತಾನೆ. ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬೀಳುತ್ತಿತ್ತು ಎನ್ನುತ್ತಾನೆ ಲೂಕ. ನನ್ನ ಚಿತ್ತವಲ್ಲ, ನಿನ್ನದು ಎಂಬ ಪ್ರಾರ್ಥನೆ ಇಲ್ಲಿಯದು. ಏದೆನಿನಲ್ಲಿ ನಡೆದದ್ದು ಇದರ ತಿರುಗುಮುರುಗು. ಅಲ್ಲಿ ಮನುಷ್ಯ ತನ್ನ ಇಷ್ಟವನ್ನು ಹಿಡಿದು ಮರೆಗೆ ಸರಿದ. ಇಲ್ಲಿ ಯೇಸು ತನ್ನನ್ನು ಹಿಡಿಯಲು ಹುಡುಕಿಕೊಂಡು ಬಂದವರ ಎದುರಿಗೆ ತಾನೇ ಬಂದು, ಯಾರನ್ನು ಹುಡುಕುತ್ತೀರಿ ಎಂದು ಕೇಳುತ್ತಾನೆ. ಆದಾಮನನ್ನೂ ಕ್ರಿಸ್ತನನ್ನೂ ಹೀಗೆ ಎದುರುಬದುರು ನಿಲ್ಲಿಸುವುದನ್ನು ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲೇ ಕಲಿಸಿಕೊಟ್ಟಿದ್ದಾನೆ.

ಯೆರೂಸಲೇಮಿಗೆ ಹೋದವರಿಗೆ ಇವತ್ತಿಗೂ ಅಲ್ಲಿ ಎಂಟು ಹಳೆಯ ಆಲಿವ್ ಮರಗಳನ್ನು ತೋರಿಸುತ್ತಾರೆ, ಪಕ್ಕದಲ್ಲಿ 1924ರಲ್ಲಿ ಕಟ್ಟಿ ಮುಗಿಸಿದ ಸರ್ವಜನಾಂಗಗಳ ಚರ್ಚಿದೆ. ಯೇಸುವನ್ನು ಕಂಡ ಮರಗಳು ಎಂದು ಭಕ್ತರು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದುಂಟು. ಇಟಲಿಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದಂತೆ, ವಯಸ್ಸು ಅಳೆಯಲು ಸಾಧ್ಯವಾದ ಮೂರು ಮರಗಳ ಕಾಂಡ 12ನೇ ಶತಮಾನದ ಆಸುಪಾಸಿನದು. ಕ್ರಿ.ಶ. 70ರ ಮುತ್ತಿಗೆಯಲ್ಲಿ ರೋಮನ್ ಸೈನ್ಯ ಊರ ಸುತ್ತಲ ಮರಗಳನ್ನೆಲ್ಲ ಕಡಿದುಹಾಕಿತೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಆದರೆ ಆಲಿವ್ ಬೊಡ್ಡೆ ಕಡಿದರೂ ಬುಡದಿಂದ ಮತ್ತೆ ಚಿಗುರುವ ಜಾತಿ. ಕಾಂಡದ ವಯಸ್ಸೇ ಬೇರಿನ ವಯಸ್ಸಾಗಬೇಕಿಲ್ಲ.

ಏದೆನ್, ಗೆತ್ಸೇಮನೆಗಳಾದ ಮೇಲೆ ಮೂರನೆಯ ತೋಟ ಶಿಲುಬೆಯ ಪಕ್ಕದ್ದು. ಯೇಸುವನ್ನು ಶಿಲುಬೆಗೆ ಹಾಕಿದ ಸ್ಥಳದಲ್ಲಿ ಒಂದು ತೋಟವಿತ್ತು, ಅದರಲ್ಲಿ ಯಾರನ್ನೂ ಇಡದ ಹೊಸ ಸಮಾಧಿಯಿತ್ತು ಎಂದು ಹೇಳುವವನು ಯೋಹಾನ ಒಬ್ಬನೇ. ತೋಟದಲ್ಲಿ ಹೂಳುವುದು ಆ ದೇಶದಲ್ಲಿ ಹೊಸತೇನಲ್ಲ. ಅರಸ ಮನಸ್ಸೆಯನ್ನೂ ಅವನ ಮಗ ಆಮೋನನನ್ನೂ ಉಜ್ಜನ ತೋಟದಲ್ಲಿ ಹೂಳಿದ್ದರು. ವಾರದ ಮೊದಲ ದಿನ ಇನ್ನೂ ಕತ್ತಲಿರುವಾಗ ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಅಲ್ಲಿಗೆ ಬರುತ್ತಾಳೆ. ಸಮಾಧಿ ಬರಿದಾಗಿದೆ. ಅಳುತ್ತ ತಿರುಗಿದರೆ ಹಿಂದೆ ಯಾರೋ ನಿಂತಿದ್ದಾನೆ. ತೋಟದವನಿರಬೇಕೆಂದುಕೊಂಡು, ಅಯ್ಯಾ, ದೇಹವನ್ನು ನೀನು ತೆಗೆದುಕೊಂಡು ಹೋಗಿದ್ದರೆ ಎಲ್ಲಿಟ್ಟಿದ್ದೀ ಹೇಳು ಎನ್ನುತ್ತಾಳೆ. ಆತ ಅವಳ ಹೆಸರು ಹಿಡಿದು ಕರೆಯುತ್ತಾನೆ. ಅಷ್ಟಕ್ಕೇ ಗುರುತು ಸಿಕ್ಕಿಬಿಡುತ್ತದೆ.

ಇಡೀ ಹೊಸ ಒಡಂಬಡಿಕೆಯಲ್ಲಿ ತೋಟಗಾರ ಎಂಬ ಈ ಗ್ರೀಕ್ ಪದ ಬರುವುದು ಇದೊಂದೇ ಕಡೆ. ಯೋಹಾನ ಅದನ್ನು ಬಿಡಿಸಿ ಹೇಳುವುದಿಲ್ಲ, ಅವಳು ತಪ್ಪು ತಿಳಿದಳು ಎಂದೂ ತಿದ್ದುವುದಿಲ್ಲ. 6ನೇ ಶತಮಾನದ ಕೊನೆಗೆ ಪೋಪ್ ಆದ ಮಹಾ ಗ್ರೆಗೊರಿ ತನ್ನ ಒಂದು ಪ್ರವಚನದಲ್ಲಿ, ಈ ಹೆಂಗಸು ತಪ್ಪಿದರೂ ತಪ್ಪಲಿಲ್ಲವೇನೋ, ಅವಳ ಎದೆಯಲ್ಲಿ ಬೀಜ ಬಿತ್ತಿದವನು ಅವನೇ ತಾನೆ ಎಂಬರ್ಥದ ಮಾತು ಆಡಿದ. ಚಿತ್ರಕಾರರಂತೂ ಇದನ್ನು ಬಿಡಲೇ ಇಲ್ಲ. ಫ್ಲಾರೆನ್ಸಿನ ಸಾನ್ ಮಾರ್ಕೊ ಮಠದ ಗೋಡೆಯ ಮೇಲೆ ಫ್ರಾ ಆಂಜೆಲಿಕೊ ಬರೆದ ಯೇಸು ಹೆಗಲ ಮೇಲೆ ಗುದ್ದಲಿ ಹೊತ್ತಿದ್ದಾನೆ. 1638ರ ರೆಂಬ್ರಾಂಟನ ಚಿತ್ರದಲ್ಲಿ ಅಗಲ ಅಂಚಿನ ಟೋಪಿ ಹಾಕಿ ಸಲಿಕೆ ಹಿಡಿದು ನಿಂತಿದ್ದಾನೆ. ಆದಾಮನ ಕೈಯಿಂದ ಜಾರಿದ್ದ ಕೆಲಸಕ್ಕೆ ಬೆಳಗ್ಗೆಯೇ ಬಂದ ಆಳಿನಂತೆ ಕಾಣುತ್ತಾನೆ.

ಬೈಬಲಿನ ಕೊನೆಯ ಪುಟವಾದ ಪ್ರಕಟನೆಯ 22ನೇ ಅಧ್ಯಾಯದಲ್ಲಿ ಏದೆನಿನ ನದಿಯೂ ಅಲ್ಲಿಯ ಜೀವವೃಕ್ಷವೂ ಮತ್ತೆ ಸಿಗುತ್ತವೆ, ಆದರೆ ಈಗ ಅವು ಒಂದು ಪಟ್ಟಣದ ಬೀದಿಯಲ್ಲಿವೆ. ಮರ ತಿಂಗಳು ತಿಂಗಳೂ ಫಲ ಕೊಡುತ್ತದೆ, ಅದರ ಎಲೆಗಳು ಜನಾಂಗಗಳಿಗೆ ಮದ್ದು. ಏದೆನಿನ ಬಾಗಿಲಲ್ಲಿ ಕತ್ತಿಯಿತ್ತು, ಈ ಪಟ್ಟಣದ ಬಾಗಿಲುಗಳನ್ನು ಮುಚ್ಚುವುದೇ ಇಲ್ಲವಂತೆ.

ಮೊದಲ ಸಲ ಓದುವವರು ಎಲ್ಲವನ್ನೂ ಒಟ್ಟಿಗೆ ಎತ್ತಿಕೊಳ್ಳಬೇಕಿಲ್ಲ. ಆದಿಕಾಂಡದ 2, 3ನೇ ಅಧ್ಯಾಯಗಳನ್ನು ಓದಿ, ನಡುವೆ ಬೇರೇನೂ ಓದದೆ ಯೋಹಾನನ 18ರಿಂದ 20ಕ್ಕೆ ಹೋಗಿ. ಓದುವಾಗ ಪೆನ್ಸಿಲ್ ಹಿಡಿದು ಹೊತ್ತನ್ನು ಮಾತ್ರ ಗುರುತು ಮಾಡಿ: ಮೊದಲ ತೋಟದಲ್ಲಿ ತಂಗಾಳಿಯ ಸಂಜೆ, ಎರಡನೆಯದರಲ್ಲಿ ದೀವಟಿಗೆಗಳ ರಾತ್ರಿ, ಮೂರನೆಯದರಲ್ಲಿ ಇನ್ನೂ ಬೆಳಕು ಹರಿಯದ ಮುಂಜಾನೆ.